ದುಬಾರೆಯೋ ಬರಪೊಳೆಯೋ: ಎರಡರಲ್ಲೂ ನೆನೆದು ಬಂದ ಮೇಲೆ

ಇಂಗ್ಲೆಂಡಿನಲ್ಲಿ ಕಾಲುವೆ ದೋಣಿ ಬಾಡಿಗೆಗೆ ಹಿಡಿದು ಸುತ್ತಿ ಬಂದ ಭಾವನವರ ಬಾಯಲ್ಲಿ ಫಾಕ್ಸ್‌ಟನ್ ಲಾಕ್‌ಗಳದ್ದೇ ಕಥೆ. ಲಾಕ್ ಅಂದರೆ ಕಾಲುವೆಯಲ್ಲಿ ದೋಣಿಯನ್ನು ಏರಿಸಲು, ಇಳಿಸಲು ಇರುವ ಗೇಟಿನ ತೊಟ್ಟಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ 10 ತೊಟ್ಟಿ, ಒಟ್ಟು 75 ಅಡಿ ಎತ್ತರ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಬೇಕು, ನೀರು ಇಳಿಸಬೇಕು, ಮಟ್ಟ ಸಮವಾದಾಗ ಮುಂದಿನ ಗೇಟು ತೆಗೆಯಬೇಕು. ಅಷ್ಟು ಇಳಿಯುವುದಕ್ಕೆ ಒಂದು ಗಂಟೆ ಹಿಡಿಯಿತಂತೆ. "ನಮ್ಮ ಹೊಳೆಗೆ ಗೇಟಿಲ್ಲ ಭಾವ, ಅದೇ ತಳ್ಳಿಬಿಡುತ್ತೆ" ಅಂದೆ. ಮಳೆಗಾಲದಲ್ಲಿ ಕೊಡಗಿನ ದುಬಾರೆ, ಬರಪೊಳೆ ಎರಡು ಕಡೆಗೂ ರಾಫ್ಟಿಂಗ್‌ಗೆ ಕರೆದುಕೊಂಡು ಹೋದೆ.

ಮೊದಲು ದುಬಾರೆ. ಕುಶಾಲನಗರದಿಂದ ಹೆಚ್ಚು ದೂರವಿಲ್ಲ, ರಸ್ತೆ ಸಲೀಸು. ಕಾವೇರಿಯಲ್ಲಿ ಸುಮಾರು 7 ಕಿ.ಮೀ. ರಾಫ್ಟಿಂಗ್. ನಡುನಡುವೆ ನೀರು ಕುಲುಕುತ್ತದೆ, ಉಳಿದ ಹೊತ್ತು ತಣ್ಣಗೆ ಸಾಗುತ್ತದೆ. ಶಾಂತವಾದ ಕಡೆ ಲೈಫ್ ಜಾಕೆಟ್ ಹಾಕಿಕೊಂಡೇ ನೀರಿಗಿಳಿದು ತೇಲಲು ಗೈಡ್ ಬಿಟ್ಟ. ಭಾವ ಅಂಗಾತ ಮಲಗಿ ಆಕಾಶ ನೋಡಿದರು. ಆನೆ ಶಿಬಿರಕ್ಕೆ ದಾಟಿಸುವ ದೋಣಿ ಬೇರೆ, ಇದು ಬೇರೆ. ನಾವು ತಪ್ಪು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು. ಆ ದಾಟುವಿಕೆ ಐದು ನಿಮಿಷದ್ದು. ಬೇಸಿಗೆಯಲ್ಲಿ ಬಂಡೆಗಳು ಮೇಲೆದ್ದು ಕೂತಿರುತ್ತವೆ, ಆಗ ರಾಫ್ಟ್ ಆಸೆ ಬಿಡಿ.

ಬರಪೊಳೆಯ ಲೆಕ್ಕವೇ ಬೇರೆ. ಕಾವೇರಿ ಪೂರ್ವಕ್ಕೆ ತಿರುಗಿ ನಿಧಾನವಾಗಿ ಬಂಗಾಳಕೊಲ್ಲಿಯ ಕಡೆ ಹೊರಟರೆ, ದಕ್ಷಿಣ ಕೊಡಗಿನ ಈ ಹೊಳೆ ಪಶ್ಚಿಮಕ್ಕೆ ಕೇರಳದ ಕಡೆ ಘಟ್ಟದಿಂದ ಧುಮುಕುತ್ತದೆ. ಇಳಿಜಾರು ಕಡಿದು, ಹಾಗಾಗಿ ನೀರಿಗೆ ಸಿಟ್ಟು. ಕಾಫಿ ತೋಟ, ಕಾಡು ದಾಟಿ ಜೀಪಿನಲ್ಲಿ ಎಲುಬು ಎಣಿಸಿಕೊಂಡು ಹೋಗಬೇಕು. ಜಿಗಣೆಗಳ ಸ್ವಾಗತ ಉಚಿತ. ಮೊದಲು ದಡದಲ್ಲಿ ಪಾಠ: ಹುಟ್ಟು ಹಿಡಿಯುವುದು, ಬಿದ್ದರೆ ಕಾಲು ಮುಂದೆ ಮಾಡಿ ತೇಲುವುದು. ಇಲ್ಲಿನ ಸೆಳವುಗಳಿಗೆ ಹೆಸರೂ ಉಂಟು. ಒಂದು 'ಮಾರ್ನಿಂಗ್ ಕಾಫಿ', ಇನ್ನೊಂದು 'ವಿಕೆಡ್ ವಿಚ್'. ಕಾಫಿ ಅಂತ ಕೇಳಿ ಭಾವ ನಕ್ಕರು. ಮುಂದಿನ ಕ್ಷಣ ರಾಫ್ಟಿನ ಮೂತಿ ಕೆಳಗೆ, ನಮ್ಮ ಬಾಯಿ ತುಂಬ ಹೊಳೆ. ಗೈಡ್ "ಫಾರ್ವರ್ಡ್!" ಎಂದು ಕೂಗುತ್ತಿದ್ದರೆ ನಾನು ಹುಟ್ಟು ಹಾಕುವುದು ಬಿಟ್ಟು ಹಗ್ಗಕ್ಕೆ ಜೋತುಬಿದ್ದಿದ್ದೆ. ಚಪ್ಪಲಿ ಒಂದು ಹೋಯಿತು. ಈಗ ಅರಬ್ಬೀ ಸಮುದ್ರದಲ್ಲಿ ಇರಬಹುದು.

ಅತ್ತೆ, ಮಕ್ಕಳು ಇದ್ದರೆ ಎರಡನೇ ಮಾತಿಲ್ಲ, ದುಬಾರೆ. ಈಜು ಬರದಿದ್ದರೂ ಬರಪೊಳೆಗೆ ಹೋಗಬಹುದು ಅನ್ನುವವರಿದ್ದಾರೆ, ನಾನಂತೂ ಹೆದರುವವರನ್ನು ಕರೆದೊಯ್ಯಲಾರೆ. ಅದು ಮಳೆಗಾಲದ ಕೆಲವೇ ತಿಂಗಳ ಆಟ. ಮಳೆ ವಿಪರೀತವಾದರೆ ಜಿಲ್ಲಾಡಳಿತ ಎರಡನ್ನೂ ನಿಲ್ಲಿಸುವುದುಂಟು, ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ಮುಂದಿನ ಸಲ ದುಬಾರೆಯೇ ಸಾಕು ಅಂದಿದ್ದಾರೆ ಭಾವ. ನೆಂಟರ ಮುಂದೆ ಕೂತರೆ ಮಾತ್ರ ಹೇಳುವುದು ಬರಪೊಳೆಯ ಕಥೆಯನ್ನೇ. ಫಾಕ್ಸ್‌ಟನ್ ಹೆಸರು ಈಗೀಗ ಕೇಳಿಲ್ಲ.