ಒಂದೇ ಅಚ್ಚು, ಮೂರು ಚರ್ಮ: ಮಡಿಕೇರಿಯ ಮಳೆಯಲ್ಲಿ ಲೇಟೆಕ್ಸ್, ಜೆಲಟಿನ್, ಸಿಲಿಕೋನ್

ಕೃತಕ ಗಾಯ, ಕಲೆಗಳನ್ನು ಎರೆದು ಮುಖಕ್ಕೆ ಅಂಟಿಸುವ ಸ್ಪೆಷಲ್ ಎಫೆಕ್ಟ್ಸ್ ಮೇಕಪ್ ಕಲಿಯಲು ಹೊರಟ ವಿದ್ಯಾರ್ಥಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: ಲೇಟೆಕ್ಸ್‌ನಿಂದ ಆರಂಭಿಸಿ, ಕೈ ಕುದುರಿದ ಮೇಲೆ ಜೆಲಟಿನ್ ಹಿಡಿಯಿರಿ, ಸಿಲಿಕೋನ್ ವಿಷಯ ಕೊನೆಗೆ ನೋಡೋಣ. ಈ ಕ್ರಮಕ್ಕೆ ಬೆಲೆಯ ಹೊರತು ಬೇರೆ ಆಧಾರವಿಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗದಿರುವಾಗ, ಬೆಲೆಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಈ ವಸ್ತು ಗಟ್ಟಿಯಾಗುವುದು ಹೇಗೆ? ಲೇಟೆಕ್ಸ್ ನೀರು ಆರಿ ಗಟ್ಟಿಯಾಗುತ್ತದೆ, ಜೆಲಟಿನ್ ತಣಿದು ಗಟ್ಟಿಯಾಗುತ್ತದೆ, ಸಿಲಿಕೋನ್ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಮೂರನ್ನೂ ಒಂದೇ ಅಚ್ಚಿನಲ್ಲಿ ಎರೆದು, ಒಂದೇ ಮುಖಕ್ಕೆ ಅಂಟಿಸಿ ನೋಡಿದಾಗ ಸೋಲುಗೆಲುವುಗಳಲ್ಲಿ ಹೆಚ್ಚಿನವನ್ನು ನಿರ್ಧರಿಸಿದ್ದು ಈ ವ್ಯತ್ಯಾಸವೇ.

ಹೋಲಿಕೆಗೆ ಆರಿಸಿಕೊಂಡದ್ದು ಕೆನ್ನೆಯ ಎಲುಬಿನಿಂದ ದವಡೆಯವರೆಗೆ ಹರಡಿದ ಹಳೆಯ ಸುಟ್ಟಗಾಯದ ಕಲೆ. ಮುಖದ ಪಡಿಯಚ್ಚು ತೆಗೆಯಲು ಆಲ್ಜಿನೇಟ್ ಬೇಕು. ಇದು ಕಡಲಪಾಚಿಯಿಂದ ತಯಾರಾಗುವ, ಹಲ್ಲಿನ ಅಳತೆ ತೆಗೆಯಲು ವೈದ್ಯರು ಬಳಸುವ ಪುಡಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಆಲ್ಜಿನೇಟ್ ಮತ್ತು ಡೆಂಟಲ್ ಸ್ಟೋನ್ (ಆ ಅಳತೆಯೊಳಗೆ ಎರೆಯುವ ಗಟ್ಟಿ ಪ್ಲಾಸ್ಟರ್) ಎಂಬ ಹೆಸರುಗಳು ಕೊಡಗಿನವರಿಗೆ ತೀರ ಅಪರಿಚಿತವೇನಲ್ಲ. ಪಡಿಯಚ್ಚಿನ ಮೇಲೆ ಗಂಧಕವಿಲ್ಲದ ಎಣ್ಣೆಜೇಡಿಯಿಂದ ಗಾಯವನ್ನು ಮೂಡಿಸಿ, ಅದರ ಮೇಲೆ ಪ್ಲಾಸ್ಟರ್ ಎರೆದು ಎರಡು ಭಾಗಗಳ ಅಚ್ಚು ಮಾಡಿಕೊಂಡೆ. ಗಾಯದ ಸುತ್ತ ಎರಡು ಭಾಗಗಳೂ ಒಂದನ್ನೊಂದು ಮುಟ್ಟುವ ಒಂದು ಗೆರೆ ಇರಬೇಕು. ಎರೆದ ವಸ್ತು ಅಲ್ಲಿ ಹಾಳೆಗಿಂತ ತೆಳುವಾಗಿ ಹಿಂಡಲ್ಪಟ್ಟು, ಹೆಚ್ಚಾದದ್ದು ಆಚೆಯ ಕಾಲುವೆಗೆ ಹರಿದುಹೋಗಬೇಕು. ಈ ಅಂಚು ದಪ್ಪವಾದರೆ ನೋಡುವವರಿಗೆ ಗಾಯ ಕಾಣುವುದಿಲ್ಲ, ಅಂಟಿಸಿದ ತುಂಡು ಕಾಣುತ್ತದೆ. ಆದ್ದರಿಂದ ನಾನು ಮೂರು ವಸ್ತುಗಳಿಗೂ ಮೊದಲ ಅಂಕ ಕೊಟ್ಟದ್ದು ಅಂಚಿಗೆ. ಚಲನೆ, ಬಣ್ಣ, ಬಾಳಿಕೆ ಎಲ್ಲವೂ ಆಮೇಲೆ. ಕೆನ್ನೆ ಕೊಟ್ಟವನು ಚಿಕ್ಕಪ್ಪನ ಮಗ, ನನಗೆ ತಮ್ಮ; ಗಂಟೆಗಟ್ಟಲೆ ಅಲುಗಾಡದೆ ಕೂರುವ ತಾಳ್ಮೆ ಅವನಿಗೆ ಎಲ್ಲಿಂದ ಬಂತೋ ತಿಳಿಯದು.

ಲೇಟೆಕ್ಸ್‌ನ ವಿಷಯಕ್ಕೆ ಬಂದರೆ, ಸಂಪಾಜೆ ಘಟ್ಟ ಇಳಿದು ಸುಳ್ಯದ ಕಡೆಗೆ ಹೋದವರೆಲ್ಲರೂ ರಬ್ಬರ್ ಮರದ ಕಾಂಡಕ್ಕೆ ಕಟ್ಟಿದ ಚಿಪ್ಪಿನಲ್ಲಿ ಅದರ ಮೂಲರೂಪವನ್ನು ನೋಡಿರುತ್ತಾರೆ. ಮೇಕಪ್‌ಗೆ ಬಳಸುವುದು ಅದೇ ಹಾಲನ್ನು ಸಂಸ್ಕರಿಸಿ, ಕೆಡದಂತೆ ಅಮೋನಿಯಾ ಬೆರೆಸಿದ ದ್ರವ. ಇದನ್ನು ಒಣಗಿದ ಪ್ಲಾಸ್ಟರ್ ಅಚ್ಚಿನೊಳಗೆ ಪದರಪದರವಾಗಿ ಬಳಿಯುತ್ತಾರೆ. ಪ್ಲಾಸ್ಟರ್ ತನ್ನ ಸೂಕ್ಷ್ಮರಂಧ್ರಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ, ರಬ್ಬರ್ ಗೋಡೆಗೆ ಪದರವಾಗಿ ನಿಲ್ಲುತ್ತದೆ. ಇಡೀ ವಿಧಾನ ನಿಂತಿರುವುದು ಆ ಹೀರುವಿಕೆಯ ಮೇಲೆ; ಜುಲೈ ತಿಂಗಳ ಮಡಿಕೇರಿಯಲ್ಲಿ ಪ್ಲಾಸ್ಟರ್ ತಾನೇ ಗಾಳಿಯ ತೇವದಲ್ಲಿ ತಣ್ಣಗೆ ಕುಳಿತಿರುವಾಗ ಅದು ಇನ್ನಷ್ಟು ನೀರನ್ನು ಎಲ್ಲಿ ಹೀರೀತು? ಫೆಬ್ರವರಿಯಲ್ಲಿ ಕಾಫಿ ಕಣದ ಬಿಸಿಲಿಗಿಟ್ಟ ಅಚ್ಚಿನಲ್ಲಿ ಮಧ್ಯಾಹ್ನದೊಳಗೆ ಸಿದ್ಧವಾಗುತ್ತಿದ್ದ ತುಂಡು, ಮಳೆಗಾಲದಲ್ಲಿ ಮರುದಿನವೂ ಒಳಗಡೆ ಬಿಳಿಯಾಗಿ ಹಸಿಯಾಗಿಯೇ ಉಳಿಯಿತು. ಲೇಟೆಕ್ಸ್ ಒಣಗಿದೆ ಎಂಬುದಕ್ಕೆ ಬಿಳುಪು ಮಾಯವಾಗಿ ಮಸುಕು ಹಳದಿ ಬರುವುದೇ ಗುರುತು. ಆ ಗುರುತಿಗಾಗಿ ಕಾಯುತ್ತ, ಕಿಟಕಿ ತೆರೆದರೆ ಮಳೆ, ಮುಚ್ಚಿದರೆ ಅಮೋನಿಯಾ ಎಂಬ ಕೋಣೆಯಲ್ಲಿ ಕೂರುವುದು ಹಿತಕರವೇನಲ್ಲ.

ಲೇಟೆಕ್ಸ್‌ನ ಅಂಚು ನಿಜಕ್ಕೂ ತೆಳುವಾಗಿ ಬರುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ಅದು ಚರ್ಮದೊಳಗೆ ಕರಗಿ ಮಾಯವಾಗುವ ಅಂಚಲ್ಲ. ಒಮ್ಮೆ ಸುರುಳಿಕೊಂಡರೆ ಬಿಡಿಸಲಾಗದು, ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬೇಕು. ಚಲನೆಯಲ್ಲಿ ಇದರ ದೋಷ ಇನ್ನೂ ಸ್ಪಷ್ಟ: ತಮ್ಮ ನಕ್ಕಾಗ ಗಾಯ ನಗಲಿಲ್ಲ, ಕೆನ್ನೆಯ ಮೇಲೆ ಬಿಗಿಯಾಗಿ ಮಡಿಕೆ ಬಿದ್ದು ನಿಂತಿತು. ಹಾಗೆಂದು ಲೇಟೆಕ್ಸ್ ಬಾಟಲಿಯನ್ನು ಬಿಸಾಡಬೇಕೆಂದಲ್ಲ. ಅಚ್ಚೇ ಇಲ್ಲದೆ ಟಿಶ್ಯೂ ಕಾಗದ, ಹತ್ತಿ ಮತ್ತು ಲೇಟೆಕ್ಸ್ ಸೇರಿಸಿ ಮುಂಗೈಯ ಮೇಲೆ ನೇರವಾಗಿ ಕಟ್ಟುವ ಗಾಯಗಳಿಗೆ, ಅಂದರೆ ಕಾಲೇಜಿನ ಪ್ರಥಮ ಚಿಕಿತ್ಸಾ ಶಿಬಿರಕ್ಕೆ ಬೇಕಾದ ಸೀಳುಗಾಯದಂಥವಕ್ಕೆ, ಅದಕ್ಕಿಂತ ಸುಲಭದ ವಸ್ತುವನ್ನು ನಾನು ಕಂಡಿಲ್ಲ.

ಜೆಲಟಿನ್ ನಡೆಯುವುದು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. ಜೆಲಟಿನ್ ಪುಡಿ, ಗ್ಲಿಸರಿನ್ ಮತ್ತು ನೀರನ್ನು ಸಮಪಾಲಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಜೇನಿನಂತೆ ಹರಿಯುವ ಹದಕ್ಕೆ ಬಂದಾಗ ಎರೆಯುವುದು ವಿದ್ಯಾರ್ಥಿಗಳ ಸರಳ ಪಾಕ. ನೀರು ಕಡಿಮೆ, ಗ್ಲಿಸರಿನ್ ಹೆಚ್ಚು ಮಾಡಿದಷ್ಟೂ ತುಂಡು ಆಮೇಲೆ ಕುಗ್ಗುವುದು ಕಡಿಮೆ. ಇಲ್ಲಿ ಚಳಿ ಎರಡು ರೀತಿ ಕೆಲಸ ಮಾಡಿತು. ಗಟ್ಟಿಯಾಗಲು ಕಾಯಬೇಕಾಗಿಯೇ ಇಲ್ಲ, ಅದು ಲಾಭ; ಆದರೆ ತಣ್ಣನೆಯ ಪ್ಲಾಸ್ಟರ್‌ಗೆ ತಗುಲಿದ ಕೂಡಲೇ ಅಂಚಿನ ಭಾಗ ಹೆಪ್ಪುಗಟ್ಟುವುದರಿಂದ, ಅಚ್ಚಿನ ಎರಡು ಭಾಗಗಳನ್ನು ಒತ್ತಿ ಮುಚ್ಚುವ ಮೊದಲೇ ಅಂಚು ದಪ್ಪವಾಗಿ ನಿಂತುಬಿಡುತ್ತದೆ. ಅಚ್ಚನ್ನೂ ಬೆಚ್ಚಗೆ ಮಾಡಿಕೊಂಡರೆ ಈ ತೊಂದರೆ ಇಲ್ಲ. ಕೆಟ್ಟ ತುಂಡನ್ನು ಮತ್ತೆ ಕರಗಿಸಿ ಎರೆಯಬಹುದಾದ್ದರಿಂದ ಅಂಚು ತೆಗೆಯುವ ಅಭ್ಯಾಸಕ್ಕೆ ಇಷ್ಟು ಉದಾರವಾದ ವಸ್ತು ಇನ್ನೊಂದಿಲ್ಲ. ಅಂಟಿಸಿದ ಮೇಲೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯನ್ನು ಅಂಚಿನ ಮೇಲೆ ಮೆಲ್ಲಗೆ ಉರುಳಿಸುತ್ತ ಹೋದರೆ ಜೆಲಟಿನ್ ಮೃದುವಾಗಿ ಹರಡಿ, ಚರ್ಮದ ರಂಧ್ರಗಳೊಳಗೆ ಇಳಿದು, ಎಲ್ಲಿ ಮುಗಿಯಿತೆಂದು ತಿಳಿಯದಂತಾಗುತ್ತದೆ. ನೋಟದಲ್ಲೂ ಅದು ಲೇಟೆಕ್ಸ್‌ಗಿಂತ ಎಷ್ಟೋ ಮೇಲು. ಬೆಳಕು ಸ್ವಲ್ಪ ಒಳಗಿಳಿದು ಹೊರಬರುವುದರಿಂದ ಜೀವಂತವಾಗಿ ಕಾಣುತ್ತದೆ. ಪ್ರಾಣಿಮೂಲದ ವಸ್ತು ಬೇಡ ಎನ್ನುವವರು ಚೈನಾ ಗ್ರಾಸ್ ಬಳಸಬಹುದೇ ಎಂದು ಕೇಳುತ್ತಾರೆ; ಅದು ಬಾಗುವುದಿಲ್ಲ, ಮುರಿಯುತ್ತದೆ.

ತೊಂದರೆ ಶುರುವಾಗುವುದು ಧರಿಸಿದ ಮೇಲೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು, ಜೆಲಟಿನ್ ಬೆವರಿಗೂ ಬಿಸಿಗೂ ಕರಗುವಂಥದ್ದು. ಮನೆಯೊಳಗೆ ಕುಳಿತಿರುವವರೆಗೆ ಎಲ್ಲವೂ ಸರಿಯಾಗಿತ್ತು; ರಂಗದ ದೀಪಗಳ ಕೆಳಗೆ ನಿಲ್ಲಿಸಿದಾಗ ಮೊದಲ ದೃಶ್ಯ ಮುಗಿಯುವ ಹೊತ್ತಿಗೆ ತಮ್ಮ ಪಕ್ಕಕ್ಕೆ ಬಂದು, "ಅಕ್ಕಾ, ಕೆನ್ನೆ ಜಾರ್ತಾ ಇದೆ" ಎಂದ. ಉಳಿದ ತುಂಡನ್ನು ಕಪಾಟಿನಲ್ಲಿಟ್ಟರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಇದನ್ನು ವಿಶೇಷವಾಗಿ ಹೇಳಬೇಕಾಗಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಬೇಕು, ಮನೆಯವರಿಗೆ ಮೊದಲೇ ಹೇಳಿಡಬೇಕು.

ಸಿಲಿಕೋನ್ ದುಬಾರಿ, ಬೆಂಗಳೂರಿನಿಂದಲೋ ಅಂತರ್ಜಾಲದ ಅಂಗಡಿಗಳಿಂದಲೋ ತರಿಸಬೇಕು, ಕೆಟ್ಟರೆ ಮತ್ತೆ ಕರಗಿಸಲಾಗದು. ಇಷ್ಟಾದರೂ ಮಳೆಗಾಲದ ನಾಲ್ಕು ತಿಂಗಳಲ್ಲಿ ನಂಬಿಕೆಯಿಂದ ಕೆಲಸ ಮಾಡಲು ಬಿಟ್ಟದ್ದು ಅದೊಂದೇ. ಚರ್ಮಕ್ಕೆ ಅಂಟಿಸುವ ತುಂಡುಗಳಿಗೆ ಪ್ಲಾಟಿನಂ ಬಗೆಯ ಸಿಲಿಕೋನ್ ಬಳಸುತ್ತಾರೆ. ತವರದ ವೇಗವರ್ಧಕವಿರುವ ಅಗ್ಗದ ಬಗೆ ಅಚ್ಚು ಮಾಡುವುದಕ್ಕೆ ಮಾತ್ರ, ಮೈಗೆ ಅಲ್ಲ. ಪ್ಲಾಟಿನಂ ಸಿಲಿಕೋನ್ ಎ ಮತ್ತು ಬಿ ಎಂಬ ಎರಡು ಡಬ್ಬಿಗಳಲ್ಲಿ ಬರುತ್ತದೆ. ಎರಡನ್ನೂ ಸಮಪಾಲಿನಲ್ಲಿ ಕಲಸಿದರೆ ಅಣುಗಳು ತಾವೇ ಬೆಸೆದುಕೊಳ್ಳುತ್ತವೆ. ಯಾವುದೂ ಆವಿಯಾಗಬೇಕಿಲ್ಲ, ಆದ್ದರಿಂದ ಹೊರಗೆ ಎಷ್ಟೇ ಮಳೆ ಸುರಿಯಲಿ ಗಾಳಿಯ ತೇವ ಅದನ್ನು ತಡೆಯುವುದಿಲ್ಲ. ತಡೆಯುವುದು ಚಳಿ. ನಾನು ಬಳಸಿದ ಡ್ರ್ಯಾಗನ್ ಸ್ಕಿನ್ ಎಫ್‌ಎಕ್ಸ್-ಪ್ರೊ ಎಂಬ ಸಿಲಿಕೋನ್‌ಗೆ ತಯಾರಕರು ಹೇಳುವ ಕಾಲ, ಕಲಸಿದ ಮೇಲೆ ಎರೆಯಲು 12 ನಿಮಿಷ, ಗಟ್ಟಿಯಾಗಲು 40 ನಿಮಿಷ; ಇನ್ನೊಂದು ಬಗೆಯಾದ ಎಕೋಫ್ಲೆಕ್ಸ್ 00-30ಕ್ಕೆ 45 ನಿಮಿಷ ಮತ್ತು 4 ಗಂಟೆ. ಈ ಅಂಕಿಗಳೆಲ್ಲ 23 ಡಿಗ್ರಿ ಸೆಲ್ಸಿಯಸ್ ಕೋಣೆಯವು. ಮಡಿಕೇರಿಯ ಮಳೆಗಾಲದ ಕೋಣೆ ಅಷ್ಟು ಬೆಚ್ಚಗಿರುವುದಿಲ್ಲ, ಕಾಯುವ ಸಮಯ ಹಿಗ್ಗುತ್ತದೆ. ನನಗೆ ಒಗ್ಗಿದ ಉಪಾಯವೆಂದರೆ ಮುಚ್ಚಿದ ಅಚ್ಚನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿಗಳ ನಡುವೆ ಇಡುವುದು. ಒಲೆಯ ಪಕ್ಕ ಬೆಚ್ಚಗಿರುತ್ತದೆ ನಿಜ, ಆದರೆ ಈ ಕೆಲಸದಲ್ಲಿ ಅಸಿಟೋನ್ ಮತ್ತು ಆಲ್ಕೋಹಾಲ್ ಬಾಟಲಿಗಳು ಸದಾ ತೆರೆದಿರುವುದರಿಂದ ಬೆಂಕಿಯಿರುವ ಕೋಣೆಗೆ ಅಚ್ಚನ್ನು ಒಯ್ಯುವ ಮಾತೇ ಬೇಡ.

ಚಳಿಗಿಂತ ದೊಡ್ಡ ಶತ್ರು ಗಂಧಕ. ಪ್ಲಾಟಿನಂ ವೇಗವರ್ಧಕವನ್ನು ಗಂಧಕ ನಿಷ್ಕ್ರಿಯಗೊಳಿಸುತ್ತದೆ, ಸಂಸ್ಕರಿಸಿದ ರಬ್ಬರ್‌ನಲ್ಲಿ ಗಂಧಕವಿರುತ್ತದೆ. ಇದನ್ನು ಕಣ್ಣಾರೆ ನೋಡಲೆಂದೇ ಒಂದು ಗಾಜಿನ ತಟ್ಟೆಯಲ್ಲಿ ಲೇಟೆಕ್ಸ್ ಕೈಗವಸಿನ ಬೆರಳನ್ನು ಕತ್ತರಿಸಿಟ್ಟು ಅದರ ಮೇಲೆ ಸಿಲಿಕೋನ್ ಎರೆದೆ. ಗಾಜಿನ ಮೇಲಿನ ಭಾಗ ಹೊತ್ತಿಗೆ ಸರಿಯಾಗಿ ಗಟ್ಟಿಯಾಗಿ ಎದ್ದುಬಂತು. ಬೆರಳಿಗೆ ತಗುಲಿದ ಕಡೆ ಮಾತ್ರ ಅಂಟುಅಂಟಾಗಿ, ಕಡ್ಡಿಯಿಂದ ಎತ್ತಿದರೆ ಎಳೆ ಬರುವಂತೆ, ಹಾಗೆಯೇ ಉಳಿಯಿತು. ಹೀಗಾಗಿ ಲೇಟೆಕ್ಸ್ ಬಳಿದ ಅಚ್ಚಿನಲ್ಲಿ ಸಿಲಿಕೋನ್ ಎರೆಯಬಾರದು, ಲೇಟೆಕ್ಸ್ ಕೈಗವಸು ತೊಟ್ಟು ಕಲಸಲೂಬಾರದು. ವಿನೈಲ್ ಕೈಗವಸು ಸಾಕು. ನನ್ನ ಹೋಲಿಕೆಯಲ್ಲಿ ಸಿಲಿಕೋನ್ ಮೊದಲು, ಜೆಲಟಿನ್ ಆಮೇಲೆ, ಲೇಟೆಕ್ಸ್ ಕೊನೆಗೆ ಅಚ್ಚಿಗೆ ಇಳಿದದ್ದು ಇದೇ ಕಾರಣಕ್ಕೆ. ಲೇಟೆಕ್ಸ್‌ನಿಂದ ಆರಂಭಿಸಿ ಎನ್ನುವ ಸಲಹೆಗಾರರು ಈ ಒಂದು ಮಾತನ್ನು ಹೇಳುವುದೇ ಇಲ್ಲ.

ಸಿಲಿಕೋನ್ ಅಂಚಿನ ಗುಟ್ಟು ಸಿಲಿಕೋನ್‌ನಲ್ಲಿ ಇಲ್ಲ. ಗಟ್ಟಿಯಾದ ಸಿಲಿಕೋನ್ ಯಾವ ದ್ರಾವಕಕ್ಕೂ ಕರಗದ ಕಾರಣ, ಅಚ್ಚಿನ ಒಳಮೈಗೆ ಮೊದಲು ಆಲ್ಕೋಹಾಲ್‌ಗೆ ಕರಗುವ ಬಗೆಯ ಕ್ಯಾಪ್ ಪ್ಲಾಸ್ಟಿಕ್ ಎಂಬ ತೆಳುಪೊರೆಯನ್ನು ಬಳಿಯುತ್ತಾರೆ. ಬೋಳುತಲೆಯ ಟೊಪ್ಪಿಗೆ ಮಾಡುವುದೂ ಇದರಿಂದಲೇ. ಎರೆದ ಸಿಲಿಕೋನ್ ಆ ಪೊರೆಗಳ ನಡುವೆ ಚೀಲದಲ್ಲಿದ್ದಂತೆ ಕೂರುತ್ತದೆ. ಮೃದುಗೊಳಿಸುವ ದ್ರವವನ್ನು ಬೆರೆಸಿದರೆ ಸಿಲಿಕೋನ್ ಕೊಬ್ಬಿನಷ್ಟು ಮೆತ್ತಗಾಗುತ್ತದೆ, ಜೊತೆಗೆ ಅಂಟಂಟೂ ಆಗುತ್ತದೆ. ಪೊರೆ ಅದನ್ನೂ ಹಿಡಿದಿಡುತ್ತದೆ. ತುಂಡನ್ನು ಅಂಟಿಸಿದ ಮೇಲೆ ಅಂಚಿನಾಚೆಗೆ ಚಾಚಿದ ಪೊರೆಯನ್ನು ಆಲ್ಕೋಹಾಲ್ ಅದ್ದಿದ ಸಣ್ಣ ಕುಂಚದಿಂದ ಸವರಬೇಕು. ಮೊದಲು ಅಂಚು ಸ್ವಲ್ಪ ನೆರಿಗೆಗಟ್ಟುತ್ತದೆ, ಮುಂದಿನ ಸವರಿಕೆಗೆ ನೆರಿಗೆ ಬಿಡುತ್ತದೆ, ಆಮೇಲೆ ಹೊಳಪಾದ ಒಂದು ಗೆರೆ ಮಾತ್ರ ಉಳಿದು, ಪೌಡರ್ ತಟ್ಟಿದರೆ ಅದೂ ಕಾಣದಾಗುತ್ತದೆ. ತಮ್ಮ ನಕ್ಕಾಗ ಈ ಸಲ ಗಾಯವೂ ಅವನೊಂದಿಗೆ ಮಡಿಸಿ ಬಿಚ್ಚಿಕೊಂಡಿತು. ಒಪ್ಪಬೇಕಾದ ಕೊರತೆಯೆಂದರೆ ಭಾರ: ಕೆನ್ನೆಗೆ ಅಡ್ಡಿಯಿಲ್ಲ, ಇಡೀ ಮುಖಕ್ಕಾದರೆ ಗಲ್ಲದ ಕೆಳಗೆ ಎಳೆತ ತಿಳಿಯುತ್ತದೆ, ಒಳಗೆ ಬೆವರು ನಿಲ್ಲುತ್ತದೆ.

ಅಂಥ ಕಡೆ, ಲೇಟೆಕ್ಸನ್ನು ನೊರೆಗಟ್ಟಿಸಿ ಮಾಡುವ ಫೋಮ್ ಲೇಟೆಕ್ಸ್ ಹಗುರವೆಂದು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಅದಕ್ಕೆ ನೊರೆ ಕಡೆಯುವ ಯಂತ್ರವೂ, ಅದನ್ನು ಬೇಯಿಸಲು, ಅಡುಗೆಗೆ ಇನ್ನೆಂದೂ ಬಳಸಬಾರದ ಪ್ರತ್ಯೇಕ ಓವನ್ನೂ ಬೇಕಾಗಿರುವುದರಿಂದ ವಿದ್ಯಾರ್ಥಿಯ ಮನೆಯ ಹೋಲಿಕೆಗೆ ಅದನ್ನು ಎಳೆದುತರುವುದು ನ್ಯಾಯವಲ್ಲ.

ಬಣ್ಣದಲ್ಲಿ ಮೂರೂ ಮೂರು ಹಟ ಹಿಡಿಯುತ್ತವೆ. ಖನಿಜ ತೈಲವಿರುವ ಸಾಮಾನ್ಯ ಗ್ರೀಸ್‌ಪೇಂಟ್ ಲೇಟೆಕ್ಸನ್ನು ಹಾಳುಮಾಡುತ್ತದೆ, ಅದಕ್ಕೆ ಹರಳೆಣ್ಣೆಯಲ್ಲಿ ಕಲಸಿದ ಬಣ್ಣ ಬೇಕು. ನೀರಿನ ಬಣ್ಣ ಜೆಲಟಿನ್‌ನ ಮೇಲ್ಮೈಯನ್ನೇ ಕರಗಿಸುತ್ತದೆ, ಮೊದಲು ಮೇಲ್ಪೊರೆ ಹಾಕಬೇಕು. ಸಿಲಿಕೋನ್ ಮೇಲೆ ಸಾಮಾನ್ಯ ಬಣ್ಣ ನಿಲ್ಲುವುದೇ ಇಲ್ಲ. ಆಲ್ಕೋಹಾಲ್‌ನಲ್ಲಿ ಕರಗುವ ಬಣ್ಣದ ಬಿಲ್ಲೆಗಳು ಬೇಕು, ಅವೂ ಅಗ್ಗವಲ್ಲ. ಆದರೆ ಸಿಲಿಕೋನ್‌ಗೆ ಅರ್ಧ ಬಣ್ಣವನ್ನು ಎರೆಯುವ ಮೊದಲೇ ಒಳಗೆ ಬೆರೆಸಬಹುದು, ಅದರ ನಿಜವಾದ ಮೇಲುಗೈ ಇಲ್ಲಿದೆ. ಪರದೇಶದಿಂದ ಬರುವ ಚರ್ಮವರ್ಣದ ಸಿದ್ಧ ಡಬ್ಬಿಗಳಲ್ಲಿ ಅನೇಕವು ಗುಲಾಬಿ ಮೈಬಣ್ಣದವು. ನಮ್ಮ ಮೈಗೆ ಅದನ್ನೇ ಕಂದು ಬೆರೆಸಿ ಗಾಢಮಾಡಿದರೆ ಮಣ್ಣಿನ ಗೊಂಬೆಯ ಬಣ್ಣ ಬರುತ್ತದೆ. ಕಾವಿಹಳದಿಯನ್ನು ತಳವಾಗಿಟ್ಟು, ಕೆಂಪನ್ನು ಸೇರಿಸಿ, ನೀಲಿಯನ್ನು ಸೂಜಿಮೊನೆಯಷ್ಟು ಮುಟ್ಟಿಸಿ, ಬಿಳಿಯನ್ನು ಪೂರ್ತಿ ದೂರವಿಟ್ಟಾಗ ತಮ್ಮನ ಕೆನ್ನೆಗೆ ಹೊಂದುವ ಬಣ್ಣ ಸಿಕ್ಕಿತು. ಬಿಳಿ ಬೆರೆತರೆ ಬೆಳಕು ಒಳಗಿಳಿಯುವುದು ನಿಲ್ಲುತ್ತದೆ, ಸಿಲಿಕೋನ್‌ಗೆ ಕೊಟ್ಟ ಹಣಕ್ಕೆ ಅರ್ಥವಿರುವುದಿಲ್ಲ. ಚೂರು ಕೆಂಪು ನಾರಿನ ಪುಡಿಯನ್ನು ಕಲಸಿದರೆ ಚರ್ಮದಡಿಯ ಸಣ್ಣ ರಕ್ತನಾಳಗಳ ಭ್ರಮೆ ಬರುತ್ತದೆ.

ಯಾವುದಕ್ಕೆ ಹಣ ಹಾಕಬೇಕೆಂಬುದು ನೋಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೂ ಅವಲಂಬಿಸುತ್ತದೆ. ಮಡಿಕೇರಿ ದಸರಾದ ಮಂಟಪಗಳಂತೆ ರಾತ್ರಿಯ ಬಣ್ಣದ ದೀಪಗಳಲ್ಲಿ, ಬೀದಿಯಾಚೆಯಿಂದ ನೋಡುವ ವೇಷಕ್ಕೆ ಸಿಲಿಕೋನ್ ಸುರಿಯುವುದು ದುಂದುಗಾರಿಕೆ. ಅಲ್ಲಿ ಲೇಟೆಕ್ಸ್‌ನ ಒರಟುತನವೇ ಚೆನ್ನಾಗಿ ಕಾಣುತ್ತದೆ. ಕ್ಯಾಮೆರಾ ಮುಖದ ಹತ್ತಿರ ಬರುವ ಕಿರುಚಿತ್ರಕ್ಕೆ ಸಿಲಿಕೋನ್ ಬಿಟ್ಟು ಬೇರೆ ಮಾತಿಲ್ಲ. ಕಲಿಯುವವರಿಗೆ ನಾನು ಹೇಳುವ ಕ್ರಮ ಹೀಗೆ: ಅಂಚನ್ನು ಜೆಲಟಿನ್‌ನಲ್ಲಿ ಕಲಿತು, ಅಲ್ಲಿಂದ ನೇರವಾಗಿ ಸಿಲಿಕೋನ್‌ಗೆ ಹೋಗಿ, ಲೇಟೆಕ್ಸನ್ನು ಬೇಸಗೆಗೆ ಬಿಡಿ, ಅದೂ ಬೇರೆ ಅಚ್ಚಿನಲ್ಲಿ.

ಕೊನೆಯದಾಗಿ, ತೆಗೆಯುವ ವಿಷಯ. ಜೆಲಟಿನ್ ಬೆಚ್ಚನೆಯ ನೀರಿಗೆ ಬಿಟ್ಟುಕೊಡುತ್ತದೆ. ಲೇಟೆಕ್ಸ್ ಕೂದಲನ್ನು ಹಿಡಿದುಕೊಂಡೇ ಏಳುವುದರಿಂದ ಹುಬ್ಬು ಮತ್ತು ಗಡ್ಡದಂಚಿಗೆ ಮೊದಲೇ ವ್ಯಾಸಲಿನ್ ಸವರಿರಬೇಕು. ಕೆಲವರಿಗೆ ಲೇಟೆಕ್ಸ್ ಅಲರ್ಜಿ ಇರುತ್ತದೆ, ಆದ್ದರಿಂದ ಹಿಂದಿನ ದಿನವೇ ಮೊಣಕೈ ಒಳಮೈಗೆ ಒಂದು ಚುಕ್ಕೆ ಹಚ್ಚಿ ನೋಡದೆ ಯಾರ ಮುಖವನ್ನೂ ಮುಟ್ಟಬಾರದು. ಸಿಲಿಕೋನ್ ತುಂಡು ಅಂಟಿನ ಬಲದಿಂದ ಮಾತ್ರ ನಿಂತಿರುತ್ತದೆ. ಅಂಟು ತೆಗೆಯುವ ಎಣ್ಣೆಯನ್ನು ಕುಂಚದಿಂದ ಅಂಚಿನಡಿಗೆ ತಳ್ಳುತ್ತ, ಎಳೆಯದೆ, ಮೇಲಿನಿಂದ ಕೆಳಕ್ಕೆ ಬಿಡಿಸಬೇಕು. ಹಚ್ಚಲು ತೆಗೆದುಕೊಂಡಷ್ಟೇ ತಾಳ್ಮೆ ಇದಕ್ಕೂ ಬೇಕು, ಹಸಿದ ನಟ ಎಷ್ಟೇ ಅವಸರಿಸಿದರೂ.