ಬಾನೆಟ್ ಒಳಗೆ ಇಲಿ ಪಾಷಾಣ ಇಡಲು ಬಿಡಬೇಡಿ

ಸಕಲೇಶಪುರ, ಮೂಡಿಗೆರೆ ಕಡೆಯವರು ಇಲಿ ಕಡಿದ ವೈರಿಂಗ್ ಸರಿಮಾಡಿಸಲು ಕಾರು ಕೊಟ್ಟಿದ್ದರೆ, ವಾಪಸು ತರುವಾಗ ಬಾನೆಟ್ ಎತ್ತಿಸಿ, ಒಳಗೆ ಏನಾದರೂ ಇಟ್ಟಿದ್ದಾರೆಯೇ ಎಂದು ಕೇಳಿ.

ನಮ್ಮ ಕಾರನ್ನು ದುರಸ್ತಿ ಮಾಡಿದ ಗ್ಯಾರೇಜಿನವರು, ನಮಗೆ ಒಂದು ಮಾತೂ ಹೇಳದೆ, ಬ್ಯಾಟರಿಯ ಪಕ್ಕದಲ್ಲಿ ಪಾಷಾಣದ ಬಿಲ್ಲೆಗಳನ್ನು ಇಟ್ಟಿದ್ದರು. ತೋಟದ ರಸ್ತೆಯ ಕುಲುಕಾಟಕ್ಕೆ ಅವು ಕಳಚಿ ಅಂಗಳದಲ್ಲಿ ಬಿದ್ದವು. ನಾಯಿ ತಿಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕೆಲವು ದಿನ ಅದು ಚೆನ್ನಾಗಿಯೇ ಓಡಾಡಿಕೊಂಡಿತ್ತು. ಆಮೇಲೆ ಅನ್ನ ಮುಟ್ಟಲಿಲ್ಲ, ಒಸಡು ಬಿಳಚಿಕೊಂಡಿತು, ಮೂಗಿನಿಂದ ರಕ್ತ ಬಂತು. ಗ್ಯಾರೇಜಿಗೆ ಫೋನ್ ಮಾಡಿ ಕೇಳಿದರೆ, "ನಿಮಗೆ ಒಳ್ಳೆಯದಾಗಲಿ ಎಂದು ಇಟ್ಟೆವು ಸಾರ್" ಎಂದರು.

ಆ ಬಿಲ್ಲೆಗಳಲ್ಲಿ ಇದ್ದದ್ದು ಬ್ರೊಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಕೆಲಸ ಮಾಡದಂತೆ ತಡೆಯುವ ವಿಷ. ಲಕ್ಷಣ ಕಾಣಲು ದಿನಗಳೇ ಹಿಡಿಯುವುದರಿಂದ ತಿಂದದ್ದಕ್ಕೂ ಕಾಯಿಲೆಗೂ ಸಂಬಂಧವಿದೆ ಎಂದು ಹೊಳೆಯುವುದೇ ಇಲ್ಲ. ಪಶುವೈದ್ಯರು ವಿಟಮಿನ್ ಕೆ1 ಕೊಟ್ಟು, ಮಾತ್ರೆಯನ್ನು ವಾರಗಟ್ಟಲೆ ಮುಂದುವರಿಸಿದ್ದರಿಂದ ನಮ್ಮ ನಾಯಿ ಉಳಿಯಿತು. ಪಾಷಾಣದ ಪೊಟ್ಟಣ ಸಿಕ್ಕರೆ ಎಸೆಯದೆ ವೈದ್ಯರಿಗೆ ತೋರಿಸಿ. ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಬೇರೆಯೇ ವಿಷ. ಅದು ಹೊಟ್ಟೆಯಲ್ಲಿ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ಬ್ರೊಮಾಡಿಯೋಲೋನ್ ತಿಂದ ಇಲಿಯೂ ಅಲ್ಲೇ ಸಾಯುವುದಿಲ್ಲ. ನಿತ್ರಾಣವಾಗಿ ಹಗಲಲ್ಲೂ ಅಲೆದು ಬೆಕ್ಕಿಗೋ ಗೂಬೆಗೋ ಸಿಗುತ್ತದೆ, ವಿಷ ಅವುಗಳ ಒಡಲಿಗೂ ಹೋಗುತ್ತದೆ. ಇಲಿ ಹಿಡಿದು ನಮ್ಮ ಗದ್ದೆ ಕಾಯುವ ಗೂಬೆಯನ್ನೇ ಕೊಂದರೆ ಏನು ಬಂತು?

ಅರಕಲಗೂಡು ಕಡೆ ತಂಬಾಕಿನ ಎಲೆ ಸುಲಭವಾಗಿ ಸಿಗುತ್ತದೆಂದು ಎಂಜಿನ್ ಮೇಲೆ ಕಟ್ಟುವವರೂ ಇದ್ದಾರೆ. ಒಣ ಎಲೆ ಬಿಸಿ ಸೈಲೆನ್ಸರ್ ಪೈಪಿಗೆ ತಗುಲಿದರೆ ಬೆಂಕಿಯ ಭಯ. ನುಸಿಗುಳಿಗೆ ಇಟ್ಟರೆ ಅದರ ಆವಿ ಎ.ಸಿ. ಮೂಲಕ ಮಕ್ಕಳ ಉಸಿರಿಗೆ ಸೇರುತ್ತದೆ.

ನಮಗೆ ಫಲ ಕೊಟ್ಟದ್ದು ಇಷ್ಟು. ಹಿಂಡಿ, ಭತ್ತದ ಮೂಟೆಗಳನ್ನು ಶೆಡ್ಡಿನಿಂದ ತೆಗೆದು ಮುಚ್ಚಳವಿರುವ ಡ್ರಮ್ಮಿಗೆ ಹಾಕಿದೆವು. ಕಾರನ್ನು ಹುಲ್ಲಿನ ಮೆದೆಯಿಂದ ದೂರ ನಿಲ್ಲಿಸಿ, ರಾತ್ರಿ ಬಾನೆಟ್ ಎತ್ತಿಡುತ್ತೇವೆ. ಬೆಚ್ಚಗಿನ ಕತ್ತಲು ಇಲ್ಲದ ಕಡೆ ಇಲಿ ಗೂಡು ಕಟ್ಟಲು ಹಿಂಜರಿಯುತ್ತದೆ. ಗೋಡೆಯಂಚಿನಲ್ಲಿ ಬೋನು ಇಟ್ಟಿದ್ದೇವೆ. ಎ.ಸಿ. ಗಾಳಿ ಒಳಬರುವ ಕಿಂಡಿಗೆ 6 ಮಿಲಿಮೀಟರ್ ಕಣ್ಣಿನ ಉಕ್ಕಿನ ಜಾಲರಿ ಹಾಕಿಸಿದೆವು. ಜಾಲರಿ ಬೆಲ್ಟ್, ಫ್ಯಾನ್, ಸೈಲೆನ್ಸರಿಗೆ ತಾಗದಂತೆ ಕೂರಿಸುವುದು ಬಲ್ಲವರ ಕೆಲಸ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುವುದರಿಂದ ಅದು ಕಡಿಯುವುದನ್ನು ಬಿಡುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆಯಾದರೂ ಒಳಗೆ ಕಣ್ಣಾಡಿಸಿ. ತಂತಿ ತೆರೆದುಕೊಂಡಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸದೆ, ಬ್ಲೀಚಿಂಗ್ ನೀರಿನಿಂದ ನೆನೆಸಿ, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಇಲಿ ಜ್ವರ ಮುಖ್ಯವಾಗಿ ಇಲಿಯ ಮೂತ್ರದಿಂದ ಹರಡುತ್ತದೆ.