ಸಿಮೋ ಹೈಹಾ ಊರಿಗೆ ಪ್ರವಾಸ: ಗೈಡ್‌ಗೆ ಪೂರ್ತಿ ಅಂಕ

ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ರೌತ್ಯಾರ್ವಿ ಊರಿಗೆ ಹೋಗುವ ಈ ಪ್ರವಾಸವನ್ನು ಯುದ್ಧದ ಇತಿಹಾಸ ಇಷ್ಟಪಡುವವರು ಖಂಡಿತ ಮಾಡಿ. 1939-40ರಲ್ಲಿ ಫಿನ್‌ಲ್ಯಾಂಡ್ ಮತ್ತು ಸೋವಿಯತ್ ಒಕ್ಕೂಟದ ನಡುವೆ ನಡೆದ ‘ಚಳಿಗಾಲದ ಯುದ್ಧ’ದಲ್ಲಿ 500ಕ್ಕೂ ಹೆಚ್ಚು ಸೋವಿಯತ್ ಸೈನಿಕರನ್ನು ಕೊಂದರು ಎನ್ನಲಾಗುವ ಸ್ನೈಪರ್ (ಅಡಗಿ ಕೂತು ಗುರಿಯಿಟ್ಟು ಹೊಡೆಯುವ ಸೈನಿಕ) ಸಿಮೋ ಹೈಹಾ ಇಲ್ಲಿಯ ರೈತನ ಮಗ. ಅದೂ ನೂರು ದಿನದೊಳಗೆ!

ನಮ್ಮ ಗೈಡ್ ಬಹಳ ಚೆನ್ನಾಗಿ ವಿವರಿಸಿದರು. ಹೈಹಾ ದುರ್ಬೀನು ಇಲ್ಲದ ಬಂದೂಕನ್ನೇ ಯಾಕೆ ಬಳಸುತ್ತಿದ್ದರು ಅಂತ ನೆಲದ ಮೇಲೆ ಮಲಗಿಯೇ ತೋರಿಸಿದರು. ದುರ್ಬೀನಿದ್ದರೆ ತಲೆ ಜಾಸ್ತಿ ಎತ್ತಬೇಕು, ಗಾಜು ಬಿಸಿಲಿಗೆ ಮಿಂಚುತ್ತದೆ, ಚಳಿಗೆ ಮಸುಕಾಗುತ್ತದೆ. ಉಸಿರಿನ ಹಬೆ ಕಾಣಬಾರದು ಅಂತ ಹೈಹಾ ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದರಂತೆ. 1940ರ ಮಾರ್ಚ್ 6ರಂದು ಗುಂಡು ಅವರ ದವಡೆಯನ್ನೇ ಒಡೆಯಿತು. ಆದರೂ 96 ವರ್ಷ ಬದುಕಿದರು.

ರುವೊಕೊಲಹ್ತಿಯಲ್ಲಿ ಅವರ ಸಮಾಧಿ ಹತ್ತಿರ ಮಾತ್ರ ಬೇಗ ಬೇಗ ಬಸ್ ಹತ್ತಿಸಿದರು. ಅದು ಬೇಸರವಾಯಿತು. ಅಲ್ಲಿ ಅರ್ಧ ಗಂಟೆಯಾದರೂ ಬಿಡಬೇಕು.